ಹಗ್ಗ ಜಗ್ಗಬೇಡಿ

ಸೂರ್ಯ ಇನ್ನೂ ಕಬ್ಬಿನ ಮೇಲೆ ಬಂದಿಲ್ಲ. ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ದಾರಿ ಬಿಟ್ಟು ಹೊಲದೊಳಗೆ ಇಳಿದರೆ ಒಂದು ಹಳೆಯ ಕಲ್ಲುಬಾವಿ ಸಿಗುತ್ತದೆ. ಅದರ ಕಡೆಯ ಮೆಟ್ಟಿಲ ಮೇಲೆ ಪದ್ಮವ್ವ ಕುಳಿತಿದ್ದಾರೆ. ಮೈಮೇಲೆ ಕಪ್ಪು ರಬ್ಬರ್ ಅಂಗಿ, ಹಣೆಯಲ್ಲಿ ಬೀರಪ್ಪನ ಭಂಡಾರ. ಎದುರಿಗಿರುವ ಗಾಳಿ ಸಿಲಿಂಡರಿನ ಕಿವಿ ತಿರುವುತ್ತಾರೆ. ಬುಸ್ಸೆಂದು ಬಂದ ಗಾಳಿಗೆ ಮೂಗು ಒಡ್ಡಿ, ಹಾಲು ಕೆಟ್ಟಿದೆಯೋ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿ ಮೂಸುತ್ತಾರೆ.

"ಡೀಜಲ್ ವಾಸನಿ ಇಲ್ಲ. ಇವತ್ತ ಸಾಲಿ ಐತಿ," ಎನ್ನುತ್ತಾರೆ; ಅಂದರೆ ಇಂದು ಪಾಠವಿದೆ. ಗಾಳಿ ತುಂಬುವ ಯಂತ್ರದ ಪಕ್ಕ ಯಾರಾದರೂ ಟ್ರ್ಯಾಕ್ಟರ್ ನಿಲ್ಲಿಸಿದ್ದರೆ ಅದರ ಹೊಗೆ ಸಿಲಿಂಡರಿಗೂ ಸೇರುತ್ತದಂತೆ. ನೀರಿನಡಿಯಲ್ಲಿ ಅದನ್ನು ಉಸಿರಾಡಿದವರಿಗೆ ಎಚ್ಚರ ತಪ್ಪುತ್ತಿರುವುದೂ ಗೊತ್ತಾಗುವುದಿಲ್ಲವಂತೆ. ಪತ್ರಿಕೆಗೆ ಬರೆಯಲು ಬಂದ, ಈಜು ಬಾರದ ನಾನು ಇದನ್ನು ಕೇಳಿ ಒಂದು ಮೆಟ್ಟಿಲು ಮೇಲೆ ಸರಿದು ಕೂರುತ್ತೇನೆ.

ಪದ್ಮವ್ವ ಹೊಸಬರಿಗೆ ಸ್ಕೂಬಾ ಕಲಿಸುತ್ತಾರೆ. ಸಮುದ್ರ, ಬಣ್ಣದ ಮೀನು, ಫೋಟೋ ಇರುವ ಸ್ಕೂಬಾ ಅಲ್ಲ. ಕೃಷ್ಣೆಯ ದಂಡೆಯಲ್ಲಿ ನದಿನೀರು ಎತ್ತುವ ಜಾಕ್‌ವೆಲ್ ಬಾವಿಗಳಲ್ಲಿ ಪಂಪಿನ ಬಾಯಿಗೆ ಅರಿವೆ, ಅಂತರಗಂಗೆ, ಕಬ್ಬಿನ ಒಣಗರಿಯ ರವದಿ ಸಿಕ್ಕಿಕೊಂಡರೆ ಯಾರೋ ಒಬ್ಬರು ಕೆಳಗಿಳಿದು ಬಿಡಿಸಬೇಕು. ಬೀಳಗಿಯ ಹಿನ್ನೀರಿನಲ್ಲಿ ಮುಳುಗಿದವರನ್ನು ಯಾರೋ ಒಬ್ಬರು ಹುಡುಕಿ ತರಬೇಕು. ಆ ಯಾರೋ ಒಬ್ಬರಲ್ಲಿ ಬುದ್ಧಿ ಇದ್ದವರು ಮೊದಲು ಈ ಬಾವಿಗೆ ಬರುತ್ತಾರೆ. ಇಲ್ಲಿ ಬೋರ್ಡಿಲ್ಲ, ಟೀ ಶರ್ಟಿಲ್ಲ. ಬಾವಿ ಗಿರಿಮಲ್ಲಪ್ಪ ಎಂಬ ರೈತರದ್ದು. ಮೋಟರ್ ಸುರುಮಾಡುವ ಮೊದಲು ಎದ್ದು ಹೋಗಬೇಕು ಎನ್ನುವುದೊಂದೇ ಅವರ ಕರಾರು.

ದಿನದ ಮೊದಲ ಪ್ರಶ್ನೆ ಯಾವತ್ತೂ ಬದಲಾಗುವುದಿಲ್ಲ. "ಅಂಜಿಕಿ ಐತೇನ?" ಇಲ್ಲ ಎಂದವರಿಗೆ ಅಂದು ನೀರಿಲ್ಲ. ಮೆಟ್ಟಿಲ ಮೇಲೆ ಕುಳಿತು ಉಳಿದವರನ್ನು ನೋಡಬೇಕು. "ಅಂಜದವ ಮೀಟರ್ ನೋಡೂದಿಲ್ರೀ. ಗಾಳಿ ಎಷ್ಟ ಉಳದೈತಿ ಅಂತ ನೋಡೂದು ಅಂಜುಬುರುಕರ ಕೆಲಸ. ನನಗ ಅಂಜುಬುರುಕರ ಬೇಕು," ಎನ್ನುತ್ತಾರೆ ಪದ್ಮವ್ವ. ಹಾಗಾದರೆ ನಾನೇ ಇವರ ಅತ್ಯುತ್ತಮ ಶಿಷ್ಯನಾಗಬೇಕಿತ್ತು.

ಇಲ್ಲ ಎಂದು ಹೇಳಿ ಅತಿ ಹೆಚ್ಚು ಸಲ ಮೆಟ್ಟಿಲು ಕಾದವನು ರಬಕವಿಯ ವೀರೇಶ. ಈ ಭಾಗದಲ್ಲಿ ಈಜು ಎಂದರೆ ಬಾವಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕಾಕಾನೋ ಮಾವನೋ ಹಿಂದಿನಿಂದ ದಬ್ಬುತ್ತಾನೆ, ಅಲ್ಲಿಗೆ ಪಾಠ ಮುಗಿಯಿತು. ಮುಂದಿನದು ದಮ್ಮು ಹಿಡಿಯುವ ಪಂದ್ಯ. ತಳ ಮುಟ್ಟಿ, ಹಿಡಿ ಕೆಸರು ತಂದು ತೋರಿಸಿದವನೇ ಗಂಡು. ವೀರೇಶ ಇದರಲ್ಲಿ ಎತ್ತಿದ ಕೈ. ಅವನನ್ನು ಕಂಡರೆ ಪದ್ಮವ್ವನ ಎದೆ ಝಲ್ಲೆನ್ನುವುದೂ ಅದಕ್ಕಾಗಿಯೇ.

"ಬರೇ ದಮ್ಮಿನ್ಯಾಗ ಮುಳುಗಿದ್ರ ನಡೀತೈತ್ರಿ. ಮ್ಯಾಲಿಂದ ಒಯ್ದ ಗಾಳಿ ಮ್ಯಾಲ ತರತೀವಿ. ಸಿಲಿಂಡರ್ ಗಾಳಿ ಹಂಗಲ್ಲ. ಕೆಳಗ ನೀರಿನ ಭಾರಕ್ಕ ಅದು ಮುದ್ದಿಯಾಗಿ ಎದ್ಯಾಗ ಕುಂತಿರತೈತಿ, ಮ್ಯಾಲ ಬಂದಂಗ ಉಬ್ಬತೈತಿ. ಹಂಚಿನ ಮ್ಯಾಲ ರೊಟ್ಟಿ ಉಬ್ಬೂದಿಲ್ಲೇನ್ರಿ? ಉಗಿಗೆ ಹಾದಿ ಸಿಗಲಿಲ್ಲಂದ್ರ ರೊಟ್ಟಿ ಎಲ್ಲೋ ಒಂದ ಕಡೆ ಹರೀತೈತಿ. ಇಲ್ಲಿ ಹರಿಯೂದು ಎದಿ."

ಆದ್ದರಿಂದ ಕೆಳಗೆ ಎಂದೂ ಉಸಿರು ಕಟ್ಟಬಾರದು. ಮೇಲೆ ಬರುವಾಗ ನಿಧಾನವಾಗಿ, ಗಾಳಿ ಬಿಡುತ್ತಲೇ ಬರಬೇಕು. ಇದನ್ನು ಕಲಿಸಲು ಪದ್ಮವ್ವ ತಮ್ಮ ಕುರಿ ಕಾಯುವ ಮನೆತನದಿಂದ ಒಂದು ಉಪಾಯ ತಂದಿದ್ದಾರೆ. ಸಂಜೆ ಹಿಂಡನ್ನು ಹಿಂದಕ್ಕೆ ಕರೆಯುವ "ಹೋ..." ಎಂಬ ಉದ್ದನೆಯ ಕೂಗು. ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡೇ ಆ ಕೂಗು ಹಾಕುತ್ತ ಮೇಲೇರಬೇಕು. "ಕೂಗೂ ಮುಂದ ಉಸರು ಕಟ್ಟಾಕ ಬರೂದಿಲ್ಲ. ಮಾಡಿ ನೋಡ್ರಿ." ಮಾಡಿ ನೋಡಿದೆ. ನಿಜ, ಬರುವುದಿಲ್ಲ.

ಈ ಹೆಂಗಸಿಗೆ ಇಷ್ಟೆಲ್ಲ ಹೇಗೆ ತಿಳಿಯಿತು ಎಂದು ಕೇಳಿದಾಗ ಅವರು ಹಗ್ಗ ಸುತ್ತುತ್ತಲೇ ಹೇಳುತ್ತಾರೆ. ಅವರ ಗಂಡ ಮುತ್ತಣ್ಣ ಬಾವಿಯ ಹೂಳು ತೆಗೆಯುತ್ತಿದ್ದವರು. ಮೇಲೆ ಹಗ್ಗ ಹಿಡಿಯುತ್ತಿದ್ದವರು ಪದ್ಮವ್ವ. ಹೂಳು ತೆಗೆಯುವವರಲ್ಲಿ ತಲೆಮಾರಿನಿಂದ ಬಂದ ಕಾನೂನು ಒಂದೇ: ಕೆಳಗಿನಿಂದ ಹಗ್ಗ ಅಲುಗಿದರೆ ಯಾಕೆ, ಏನು ಎಂದು ಕೇಳದೆ ಜಗ್ಗಬೇಕು. ಕಲ್ಲು ಕುಸಿದಿರಬಹುದು, ಉಸಿರು ಸಾಲದಿರಬಹುದು. ಆ ಕಾನೂನು ಎಷ್ಟೋ ಜೀವ ಉಳಿಸಿದೆ.

ಜಾಕ್‌ವೆಲ್ ಕೆಲಸ ಹೆಚ್ಚಾದಾಗ ಏಜೆಂಟನೊಬ್ಬ ಸ್ಕೂಬಾ ಸಾಮಾನು ತಂದು ಒಂದು ಮುಂಜಾನೆ ಮುತ್ತಣ್ಣನಿಗೆ ಕಲಿಸಿದ. ಪಟ್ಟಿ ಹೀಗೆ ಬಿಗಿ, ಇದನ್ನು ಹೀಗೆ ಕಚ್ಚು, ಇಳಿ. ಊಟದ ಹೊತ್ತಿಗೆ ಫೋಟೋ ಇದ್ದ ಸರ್ಟಿಫಿಕೇಟ್ ಕೈಯಲ್ಲಿತ್ತು. "ಮ್ಯಾಲ ಹೆಂಗ ಬರಬೇಕು ಅಂತ ಅವ ಹೇಳಲೇ ಇಲ್ರಿ. ನಾವೂ ಕೇಳಲಿಲ್ಲ. ಮ್ಯಾಲ ಬರೂದು ಯಾರರ ಕಲಿಸ್ತಾರೇನು ಅಂದ್ಕೊಂಡ್ವಿ."

ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲ್ಗಡೆ, ಮಳೆನೀರಿಗೆ ನದಿ ಇನ್ನೂ ಕೆಂಪಗಿದ್ದ ದಿನಗಳಲ್ಲಿ, ಒಂದು ಜಾಕ್‌ವೆಲ್‌ನಲ್ಲಿ ಮುತ್ತಣ್ಣ ಇಳಿದಿದ್ದರು. ಮುಖದ ಕನ್ನಡಿಗೆ ನೀರು ನುಗ್ಗಿರಬೇಕು. ಹಗ್ಗ ಅಲುಗಿತು. ಬಾವಿಯ ಮನುಷ್ಯ ಕೆಳಗೆ ದಮ್ಮು ಹಿಡಿದ. ಬಾವಿಯ ಹೆಂಡತಿ ಮೇಲೆ ಹಗ್ಗ ಜಗ್ಗಿದಳು.

"ಅಷ್ಟ ಜೋರ ನಾ ಎಂದೂ ಜಗ್ಗಿರಲಿಲ್ರಿ. ಮ್ಯಾಲ ಬಂದ್ರು. ಕಣ್ಣ ತಗದಿದ್ರು. ಏನೋ ಅನ್ನಾಕ ಬಾಯಿ ತಗದ್ರು, ಕೆಂಪ ನೊರಿ ಬಂತು." ಆ ಸರ್ಟಿಫಿಕೇಟು ಈಗಲೂ ಅವರ ಮನೆಯ ಗೋಡೆಯ ಮೇಲಿದೆ. ಪಕ್ಕದಲ್ಲಿ ಹಾರ ಹಾಕಿದ ಫೋಟೋ ಅದರಲ್ಲಿದ್ದುದನ್ನೇ ದೊಡ್ಡದು ಮಾಡಿಸಿದ್ದು.

ಮುತ್ತಣ್ಣನ ಮಣ್ಣಿಗೆ ಬಂದವರಲ್ಲಿ ಲೋಕಾಪುರದ ಶಿದ್ರಾಮಪ್ಪ ಇದ್ದರು. ನೌಕಾಪಡೆಯಲ್ಲಿ ಮುಳುಗುಗಾರರಾಗಿ ನಿವೃತ್ತರಾದವರು. "ಹಗ್ಗ ಹೆಂಗ ಜಗ್ಗಿದಿ ತಂಗಿ?" ಎಂದು ಕೇಳಿದರು, ಉತ್ತರ ಕೇಳಿ ತಲೆ ತಗ್ಗಿಸಿದರು, ಆಮೇಲೆ ಕಾರಣ ಬಿಡಿಸಿ ಹೇಳಿದರು. ಪದ್ಮವ್ವ ಬಹಳ ದಿನ ಆ ಮನುಷ್ಯನ ಮುಖ ನೋಡಲಿಲ್ಲ. ಕಡೆಗೊಂದು ದಿನ ತಾವೇ ಲೋಕಾಪುರದ ಬಸ್ಸು ಹತ್ತಿದರು. "ನನಗೂ ಕಲಿಸ್ರಿ ಅಂದ್ನಿ. ಯಾಕ ಅಂದ್ರು. ಕೆಳಗ ಅವರಿಗೆ ಏನ ಆಗಿತ್ತು, ನನಗ ತಿಳೀಬೇಕು ಅಂದ್ನಿ."

ಆ ಹಿರಿಯರು ಇದೇ ಬಾವಿಯಲ್ಲಿ ತಿಂಗಳುಗಟ್ಟಲೆ ಕಲಿಸಿದರು. ಬಹಳ ದಿನ ಸಿಲಿಂಡರ್ ಮುಟ್ಟಲು ಬಿಡಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕುಳಿತು ಮುಖದ ಕನ್ನಡಿಗೆ ನೀರು ತುಂಬಿಕೊಳ್ಳುವುದು, ಮೂಗಿನಿಂದ ಊದಿ ಹೊರಹಾಕುವುದು, ಬಾಯಿಯ ಕೊಳವೆ ಬಿಟ್ಟು ಕಣ್ಣು ಮುಚ್ಚಿ ಮತ್ತೆ ಹುಡುಕುವುದು. ಪದ್ಮವ್ವ ಈಗ ಕಲಿಸುವುದೂ ಅದನ್ನೇ. ಬೇಸತ್ತು ಓಡಿಹೋದವರೇ ಜಾಸ್ತಿ. ಅರ್ಧ ದಿನದಲ್ಲಿ ಕಾರ್ಡು ಕೊಡುವವರು ಈಗಲೂ ಇದ್ದಾರಲ್ಲ.

ವೀರೇಶನ ಮಾತೂ ಅದೇ. ಹೊಳೆಯ ಕೆಲಸಕ್ಕೆ ಬಾ ಎಂದು ಗುತ್ತಿಗೆದಾರ ದಿನವೂ ಫೋನು ಮಾಡುತ್ತಿದ್ದಾನೆ. "ಇವತ್ತ ನೀವು ಹೂಂ ಅನ್ನಲಿಲ್ಲಂದ್ರ ನಾಳೆ ಅಲ್ಲೇ ಹೋಗಿ ಕಾರ್ಡ್ ತರತೇನಿ ಅಕ್ಕಾ. ನಾಡಿದ್ದ ಹೊಳಿಗೆ ಇಳಿಯಾವ," ಎಂದು ನಗುತ್ತ ಹೇಳಿದ್ದಾನೆ. ಪದ್ಮವ್ವನಿಗೆ ಅದು ನಗುವ ಮಾತಲ್ಲ. ಹೂಂ ಎಂದರೂ ಭಯ, ಉಹೂಂ ಎಂದರೂ ಭಯ.

"ಅಂಜಿಕಿ ಐತೇನಲೇ?"

"ಸ್ವಲ್ಪ ಐತ್ರಿ." ಅವನ ಮುಖದಲ್ಲಿ ಸ್ವಲ್ಪವೂ ಕಾಣುವುದಿಲ್ಲ.

ಇಷ್ಟು ದಿನ ಜೊತೆಗೇ ಇಳಿಯುತ್ತಿದ್ದ ಪದ್ಮವ್ವ ಇಂದು ಅವನೊಬ್ಬನನ್ನೇ ಬಿಡುತ್ತಾರೆ. ಹೊಳೆಯಲ್ಲಿ ಒಬ್ಬನೇ ಇರಬೇಕಲ್ಲ. ತಾವು ಸಿಲಿಂಡರ್ ಬಿಗಿದುಕೊಂಡು, ಎದೆಮಟ್ಟ ನೀರಿನ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ಹಗ್ಗ ಹಿಡಿಯಬೇಕಿದ್ದ ಇನ್ನೊಬ್ಬ ಶಿಷ್ಯನಿಗೆ ಮುಧೋಳದ ಬಸ್ಸು ತಪ್ಪಿದೆ. ಹಾಗಾಗಿ ಹಗ್ಗ ನನ್ನ ಕೈಗೆ ಬರುತ್ತದೆ.

"ತುದಿ ಕಬ್ಬಿಣದ ಕೊಂಡಿಗೆ ಕಟ್ಟೇನಿ. ನೀವು ಬರೇ ಹಿಡದು, ಅಲುಗಿದ್ರ ನನಗ ಹೇಳ್ರಿ. ಏನ ಆದ್ರೂ ಜಗ್ಗಬ್ಯಾಡ್ರಿ. ತಿಳೀತಿಲ್ಲೋ?" ತಿಳಿಯಿತು ಎಂದು ತಲೆ ಆಡಿಸುತ್ತೇನೆ.

ತಳದ ಹಳೆಯ ಪಂಪಿನ ಜಾಳಿಗೆಗೆ ಸುತ್ತಿರುವ ಅರಿವೆ ಬಿಚ್ಚಿ ತರುವುದು ಪರೀಕ್ಷೆ. ಹಗ್ಗದ ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಂಡು ವೀರೇಶ ಇಳಿಯುತ್ತಾನೆ. ಕಪ್ಪು ನೀರು ಮುಚ್ಚಿಕೊಳ್ಳುತ್ತದೆ. ಗುಳ್ಳೆ ಏಳುತ್ತವೆ, ನಿಲ್ಲುತ್ತವೆ, ಏಳುತ್ತವೆ. ಪದ್ಮವ್ವ ಅವುಗಳ ಜೊತೆಗೇ ತಾವೂ ಉಸಿರಾಡುತ್ತಿದ್ದಾರೆ. ಆಮೇಲೆ ತಳದ ಹೂಳು ಎದ್ದು ನೀರು ರಾಡಿಯಾಗುತ್ತದೆ. ಹಗ್ಗ ಒಮ್ಮೆ ಮಿಡುಕುತ್ತದೆ. ಮತ್ತೊಮ್ಮೆ. ಆಮೇಲೆ ನನ್ನ ಅಂಗೈಯಲ್ಲಿ ಬಡಿದಾಡತೊಡಗುತ್ತದೆ. ಗುಳ್ಳೆ ನಿಂತುಹೋಗಿವೆ.

"ಅಕ್ಕಾ, ಜಗ್ಗಾಕತ್ತಾನ್ರೀ!"

ಪದ್ಮವ್ವನ ಕೈ ಹಗ್ಗಕ್ಕೆ ಬರುತ್ತದೆ. ಬೆರಳು ಬಿಗಿಯುವುದನ್ನು ನಾನು ಕಣ್ಣಾರೆ ನೋಡುತ್ತೇನೆ. ಆಮೇಲೆ ಅವು ಒಂದೊಂದಾಗಿ ಸಡಿಲುತ್ತವೆ. "ಸಡ್ಲ ಬಿಡ್ರಿ," ಎಂದವರೇ ಕೊಳವೆ ಕಚ್ಚಿ, ಹಗ್ಗದ ಗುಂಟ ನೀರೊಳಗೆ ಹೋಗಿಬಿಡುತ್ತಾರೆ.

ಈಗ ಮೆಟ್ಟಿಲ ಮೇಲೆ ಹಗ್ಗ ಮತ್ತು ನಾನು. ಕೆಳಗೊಬ್ಬ ಮನುಷ್ಯ ನನ್ನನ್ನೇ ಕರೆಯುತ್ತಿದ್ದಾನೆ, ಜಗ್ಗು ಎನ್ನುತ್ತಿದ್ದಾನೆ. ಜಗ್ಗದೆ ಇರುವುದು ಇಷ್ಟು ಕಷ್ಟ ಎಂದು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ನನ್ನ ತೋಳು ನನ್ನ ಮಾತು ಕೇಳುತ್ತಿಲ್ಲ. ಅಂದು ಆ ಜಾಕ್‌ವೆಲ್ ಮೇಲೆ ನಾನು ನಿಂತಿದ್ದರೂ ಜಗ್ಗುತ್ತಿದ್ದೆ. ಎಂಥವರೂ ಜಗ್ಗುತ್ತಿದ್ದರು. ಹಗ್ಗ ಒಮ್ಮೆಲೇ ಸುಮ್ಮನಾಗುತ್ತದೆ, ಅದು ಇನ್ನೂ ಭಯಂಕರ.

ಒಂದು ದೊಡ್ಡ ಗುಳ್ಳೆ ಬಂದು ಒಡೆಯುತ್ತದೆ. ಅದರ ಹಿಂದೆ ಸಣ್ಣವು, ಸಾಲಾಗಿ, ಬಿಡುವಿಲ್ಲದೆ. ನೀರೊಳಗಿಂದ ಗುಂಯ್‌ಗುಡುವ ಸದ್ದು. ಎರಡು ತಲೆಗಳು ನಿಧಾನವಾಗಿ, ನನ್ನ ಜೀವ ಹೋಗುವಷ್ಟು ನಿಧಾನವಾಗಿ ಮೇಲೇರುತ್ತವೆ. ವೀರೇಶನ ಬಾಯಿಂದ ಕೊಳವೆ ಜಾರುತ್ತದೆ, ಕೂಗು ಮಾತ್ರ ನಿಂತಿಲ್ಲ. "ಹೋ..." ಎಂಬುದು ಕಲ್ಲುಗೋಡೆಗಳಿಗೆಲ್ಲ ಬಡಿದು ಬಾವಿ ತುಂಬಿಕೊಳ್ಳುತ್ತದೆ. ನನ್ನ ಕಣ್ಣಲ್ಲಿ ನೀರು ಬಂದಿದೆ, ನಾಚಿಕೆ ಏನಿಲ್ಲ.

ವೀರೇಶ ಮೆಟ್ಟಿಲಿಗೆ ಒರಗಿ ಕೂರುತ್ತಾನೆ. ಅರಿವೆ ತಂದಿಲ್ಲ. "ಕಣ್ಣಿಗೆ ಏನೂ ಕಾಣಲಿಲ್ರಿ ಅಕ್ಕಾ. ದಮ್ ಹಿಡದ್ನಿ. ಹಂಗಽ ಮ್ಯಾಲ ಹಾರಾವಿದ್ದೆ. ನೀವು ಎದಿ ತಟ್ಟಿದ ಮ್ಯಾಲ ಕೂಗೂದು ನೆನಪಾತು."

"ಅಂಜಿಕಿ ಆತೇನ?"

"ಸಾಯೂವಷ್ಟ ಆತ್ರಿ."

"ಛಲೋ ಆತು. ನಾಳೆ ಬಾ."

ಅವನ ಫೋನು ಬಡಿದುಕೊಳ್ಳುತ್ತದೆ. ಗುತ್ತಿಗೆದಾರನಿಗೆ ಅವನು ಹೇಳುವುದು ಇಷ್ಟೇ: "ಈಗೇನ ಬರೂದಿಲ್ರಿ. ಇನ್ನೂ ಕಲಿಯೂದೈತಿ." ಪದ್ಮವ್ವ ಬೆನ್ನು ತಿರುಗಿಸಿ ಸಿಲಿಂಡರಿನ ಕಿವಿ ಮುಚ್ಚುತ್ತಾರೆ.

ಹೊರಡುವಾಗ, ಪತ್ರಿಕೆಯಲ್ಲಿ ಹೆಸರು ದೊಡ್ಡದಾಗಿ ಬರುತ್ತದೆ ಎಂದು ಖುಷಿಪಡಿಸಲು ಹೋಗುತ್ತೇನೆ. ಅವರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ.

"ಬ್ಯಾಡ್ರಿ ಯಪ್ಪಾ. ಕಲಿಸಿದವರ ಹೆಸರ ಮಂದಿಗೆ ಗೊತ್ತಾಗೂದು ಏನರ ಆದಾಗಷ್ಟ. ನನ್ನ ಹುಡುಗರ ಮನಿಯಾಗ ನನ್ನ ಹೆಸರ ಯಾರಿಗೂ ಗೊತ್ತಾಗೂದು ಬ್ಯಾಡ, ಅಷ್ಟಾದ್ರ ಸಾಕು." ನನ್ನ ಅಂಗೈ ಮೇಲಿನ ಹಗ್ಗದ ಕೆಂಪು ಗೆರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾರೆ. "ಹಾಕಲೇಬೇಕಂದ್ರ ನನ್ನ ಹೆಸರ ಸಣ್ಣ ಅಕ್ಷರದಾಗ ಹಾಕ್ರಿ. ಜಗ್ಗಬಾರ್ದು ಅನ್ನೂದನ್ನ ದೊಡ್ಡಗ ಹಾಕ್ರಿ."