ಪರದೆಯ ಮೇಲಿನ ಕ್ರೇನ್ ಹೇಳಿದ ಸುಳ್ಳು

ಹೋದ ವರ್ಷ ಯುಗಾದಿ ಕಳೆದ ಮರುವಾರದ ಮಾತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನಾನು ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವವಳು. ಕ್ರೇನ್ ಓಡಿಸುವವರ ಕೈಚಳಕವನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸುವ ಸಿಮ್ಯುಲೇಟರನ್ನು ಭದ್ರಾವತಿಯ ಒಂದು ಫೌಂಡ್ರಿಗೆ ಮಾಡಿಕೊಟ್ಟಿದ್ದೆವು. ಎದುರಿಗೆ ದೊಡ್ಡ ಪರದೆ, ಕೈಗೆ ನಿಜವಾದ ಲಿವರ್. ಒಳಗೆ ಒಂದೇ ಗ್ರಾಫಿಕ್ಸ್ ಕಾರ್ಡ್ ಎರಡು ಕೆಲಸ ಮಾಡಬೇಕು. ರೋಪು ಮತ್ತು ಹೊರೆ ಹೇಗೆ ತೂಗಾಡುತ್ತವೆ ಎಂದು ಸಾವಿರಾರು ಬಿಂದುಗಳನ್ನು ಏಕಕಾಲಕ್ಕೆ ಲೆಕ್ಕ ಹಾಕಬೇಕು. ಆ ಲೆಕ್ಕ ನೋಡಿ ಚಿತ್ರ ಬಿಡಿಸಬೇಕು. ಎರಡೂ ಜೊತೆಜೊತೆಗೇ ಓಡುವುದರಿಂದ, ಲೆಕ್ಕ ಮುಗಿಯುವ ತನಕ ಚಿತ್ರ ಕಾಯಬೇಕು. ಹಾಗೆ ಕಾಯಿಸುವುದಕ್ಕೆಂದೇ ನಾನು ಒಂದು ಸಾಲು ಬರೆದಿದ್ದೆ.

ನಮ್ಮ ಮ್ಯಾನೇಜರ್ ಗಿರೀಶ್ ಅವರಿಗೆ ಪರೀಕ್ಷೆ ಶುರುವಾಗುವ ಹಿಂದಿನ ದಿನ ಆ ಸಾಲು ಕಣ್ಣಿಗೆ ಬಿತ್ತು. ಅದರಿಂದ ಚಿತ್ರ ತಡವರಿಸುತ್ತದಂತೆ.

“ತೆಗಿ ಅದನ್ನ. ನೋಡೋರಿಗೆ ಸ್ಮೂತಾಗಿ ಕಾಣ್ಬೇಕು.”

“ಸರ್, ಲೆಕ್ಕ ಅರ್ಧ ಆಗಿರೋವಾಗ್ಲೇ ಚಿತ್ರ ಬಂದ್ಬಿಡತ್ತೆ. ಅರ್ಧ ಹೊಸದು, ಅರ್ಧ ಹಳೇದು.”

“ಅದ್ಯಾರ ಕಣ್ಣಿಗೆ ಕಾಣತ್ತೆ ಮಾರಾಯ್ತಿ? ಬಿಡು.”

ಅಳಿಸಿದೆ. ನಮ್ಮ ಆಫೀಸಿನ ಕಾರ್ಡು ಜೋರಿನದು, ಲೆಕ್ಕ ಬೇಗ ಮುಗಿಯುತ್ತಿತ್ತು, ಏನೂ ಗೊತ್ತಾಗಲಿಲ್ಲ. ಫೌಂಡ್ರಿಯ ಕಂಪ್ಯೂಟರ್ ಬಡಪಾಯಿ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಫೌಂಡ್ರಿಯಲ್ಲಿ ಮೊದಲು ಪರೀಕ್ಷೆಗೆ ಕೂತವರು ಸೆಲ್ವರಾಜಣ್ಣ. ಇಪ್ಪತ್ತಾರು ವರ್ಷದಿಂದ ಅದೇ ಶೆಡ್ಡಿನಲ್ಲಿ ಕ್ರೇನ್ ಓಡಿಸುತ್ತಿರುವವರು. ಪಾಸಾದರೆ ಕ್ರೇನಿನ ಕ್ಯಾಬಿನ್, ಇಲ್ಲದಿದ್ದರೆ ಕೆಳಗೆ ಸ್ಟೋರಿನಲ್ಲಿ ಕೆಲಸ ಎಂದು ಅಲ್ಲಿನ ಸೂಪರ್‌ವೈಸರ್ ಖಡಾಖಂಡಿತವಾಗಿ ಹೇಳಿದ್ದರು. ಅಣ್ಣ ಮೂರು ಸಲ ಹೊರೆ ಎತ್ತಿದರು. ಮೂರು ಸಲವೂ ಅದು ಗೋಡೆಗೆ ಬಡಿಯಿತೆಂದು ಕೆಂಪಕ್ಷರ ಬಂತು. ಪರದೆಯಲ್ಲಿ ಹೊರೆ ಗೋಡೆಯಿಂದ ಇನ್ನೂ ಮೊಳ ದೂರವಿತ್ತು! ಪಾಸು ಫೇಲು ಹೇಳುತ್ತಿದ್ದುದು ಹೊಸ ಲೆಕ್ಕ, ಅವರು ನೋಡುತ್ತಿದ್ದುದು ಹಳೆಯ ಚಿತ್ರ.

ಗಿರೀಶ್ ಎಲ್ಲರ ಮುಂದೆ ನಕ್ಕರು. “ವಯಸ್ಸಾಯ್ತಲ್ಲ ಯಜಮಾನ್ರೇ, ಕೈ ನಡುಗ್ತಿದೆ.”

ಸೂಪರ್‌ವೈಸರ್ ಹಾಳೆಯಲ್ಲಿ ಫೇಲ್ ಎಂದು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಸೆಲ್ವರಾಜಣ್ಣ ಎದ್ದು ಎರಡೂ ಕೈಗಳನ್ನು ಮುಂದೆ ಚಾಚಿದರು. ಒಂದು ಚೂರೂ ಅಲುಗಲಿಲ್ಲ.

“ನೋಡ್ಕೊಳ್ಳಿ ಸಾರ್. ಮೇಲೆ ರೋಪು ಬಂದೈತೆ, ಕೆಳಗೆ ಮಾಲು ಇನ್ನೂ ಹಿಂದೇನೇ ನಿಂತೈತೆ. ಇಂಥಾ ಕ್ರೇನ್ ನಾನು ನೋಡೇ ಇಲ್ಲ. ನಮ್ಮ ಶೆಡ್ಡಲ್ಲಿ ಖಲಾಸಿ ಮಾಲು ಕಟ್ಟಿ ಮುಗ್ಸಿ ಕೈ ಎತ್ತೋ ತನಕ ನಾನು ಲಿವರ್ ಮುಟ್ಟಲ್ಲ. ನಿಮ್ಮ ಮಿಷನ್ ಒಳಗೆ ಕೈ ಎತ್ತೋರು ಯಾರೂ ಇಲ್ವಾ?”

“ಇದ್ರು ಅಣ್ಣ. ನಾವೇ ತೆಗೆದ್ಬಿಟ್ವಿ” ಎಂದೆ. ಬಾಯಿ ತಡೆಯಲಾಗಲಿಲ್ಲ.

ಗಿರೀಶ್ ಕಣ್ಣು ಕೆಂಪಗೆ ಮಾಡಿದರು. “ಸುಮ್ನಿರು ನೀನು. ಶಿವಮೊಗ್ಗಕ್ಕೆ ಹೋಗಿ ನೋಡಣ.”

“ಇಲ್ಲ ಸರ್. ಇಲ್ಲೇ, ಈಗ್ಲೇ!”

ನನ್ನ ದನಿ ಅಷ್ಟು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಮತ್ತೆ ಸೇರಿಸಿದೆ. ಚಿತ್ರ ನಿಧಾನವಾಯಿತು, ಆದರೆ ರೋಪು, ಹೊರೆ ಎರಡೂ ಒಟ್ಟಿಗೇ ಬಂದವು. ಸೆಲ್ವರಾಜಣ್ಣ ಹೊರೆಯನ್ನು ಗೋಡೆಯಿಂದ ಗೇಣು ದೂರದಲ್ಲಿ ಸದ್ದಿಲ್ಲದೆ ಇಳಿಸಿದರು. ಸೂಪರ್‌ವೈಸರ್ ಹಳೆಯ ಹಾಳೆ ಹರಿದು ಹಾಕಿದರು. “ಸಣ್ಣ ಅಪ್‌ಡೇಟ್ ಬಾಕಿ ಇತ್ತು ಅಷ್ಟೇ” ಎಂದರು ಗಿರೀಶ್. ಆ ಮನುಷ್ಯನ ಬಾಯಿಂದ ತಪ್ಪಾಯ್ತು ಎನ್ನುವ ಒಂದು ಮಾತೂ ಬರಲಿಲ್ಲ.

ಹೊರಡುವಾಗ ಸೆಲ್ವರಾಜಣ್ಣ ಗೇಟಿನ ಪಕ್ಕದ ಅಂಗಡಿಯಲ್ಲಿ ಟೀ ಕುಡಿಸಿದರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದುಕೊಂಡಿದ್ದೆ.

“ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ನಾನು ಮೊದಲ್ನೇ ಸಲ ಫೇಲಾದಾಗ್ಲೇ ನಿಮಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು.”

“ಮತ್ಯಾಕಮ್ಮ ಮೂರು ಸಲ ಓಡಿಸೋಕೆ ಬಿಟ್ರಿ?”

ಗಿರೀಶ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅಳಿಸು ಎಂದದ್ದು ಮಾತ್ರ ಅವರು. ಅಳಿಸಿದ್ದು ನಾನು, ಮೂರು ಸಲ ನೋಡುತ್ತಾ ನಿಂತದ್ದೂ ನಾನೇ.