ರೊಟ್ಟಿ ಒಲೆಯಲ್ಲಿ ಸೈಲೆನ್ಸರ್

ಗೆಳೆಯರೇ, ಎಂಬತ್ತರ ದಶಕದಲ್ಲಿ ಹುಮನಾಬಾದಿನ ನಮ್ಮ ಮನೆಯಲ್ಲಿ ನಡೆದ ಜಗಳ ಇದು. ಮರುದಿನ ಬಸವಕಲ್ಯಾಣದಲ್ಲಿ ಮಣ್ಣಿನ ದಿಬ್ಬ ಹತ್ತಿ ಇಳಿಯುವ ಮೋಟಾರ್ ಸೈಕಲ್ ರೇಸ್ ಇತ್ತು. ನನ್ನ ಹಳೆಯ ಟೂ-ಸ್ಟ್ರೋಕ್ ಗಾಡಿ ಸ್ಟಾರ್ಟ್ ಆಗುತ್ತಿತ್ತು, ಆದರೆ ಏರು ಬಂದರೆ ಸಾಕು, ನಿಂತುಬಿಡುತ್ತಿತ್ತು. ಮೆಕ್ಯಾನಿಕ್ ಬಾಬುಮಿಯಾ, "ಪಿಸ್ಟನ್ ಖಲಾಸ್ ರೀ. ಸೋಲಾಪುರಕ್ಕ ಕಳಿಸ್ಬೇಕು, ಎಂಟು ದಿನ ಬೇಕು" ಎಂದುಬಿಟ್ಟಿದ್ದರು.

ನನಗೆ ನಂಬಿಕೆ ಬರಲಿಲ್ಲ. ಸೈಲೆನ್ಸರ್ ಬಿಚ್ಚಿ ನೋಡಿದೆ. ಒಳಗೆ ಸುಟ್ಟ ಎಣ್ಣೆಯ ಮಸಿ ಗಟ್ಟಿಯಾಗಿ, ಹೊಗೆ ಹೋಗಲು ಬೆರಳಷ್ಟೂ ದಾರಿ ಇರಲಿಲ್ಲ. ಮಸಿಯನ್ನು ಸುಟ್ಟೇ ತೆಗೆಯಬೇಕು. ಸೀದಾ ಒಯ್ದು ಅಡುಗೆಮನೆಯ ಒಲೆಗೆ ತುರುಕಿದೆ.

ರೊಟ್ಟಿ ಬಡಿಯುತ್ತಿದ್ದ ಅವ್ವ ಚೀರಿದಳು. "ಏ, ರೊಟ್ಟಿಗೆಲ್ಲ ಎಣ್ಣಿ ವಾಸನಿ ಹೊಡ್ಯಾಕತ್ತದ! ತಗಿ ಮೊದ್ಲ!"

"ಅವ್ವಾ, ನಾಳಿ ರೇಸ್ ಅದ."

"ಅಂಗಳಕ್ಕ ನಡಿ. ಕುಳ್ಳು ನಾ ಕೊಡ್ತೀನಿ."

ಅವಳೇ ಕುಳ್ಳು, ಅಂದರೆ ಸಗಣಿಯ ಬೆರಣಿ, ಒಟ್ಟಿ ಬೆಂಕಿ ಹಚ್ಚಿದಳು. ನಾನು ಸೈಲೆನ್ಸರನ್ನು ಅದರೊಳಗೆ ಹುಗಿದೆ. ಆರಿದ ಮೇಲೆ ಸೈಲೆನ್ಸರನ್ನು ಕಟ್ಟಿಗೆಯಿಂದ ಬಡಿದರೆ ಬೊಗಸೆ ತುಂಬ ಮಸಿ ಉದುರಿತು. ಮತ್ತೆ ಜೋಡಿಸಿ ಹೊಡೆದೆ, ಒಂದೇ ಕಿಕ್! ಓಣಿಯ ಕೋಳಿಗಳೆಲ್ಲ ಹಾರಿದವು. ಹಿತ್ತಲಿನ ತಿಪ್ಪೆ ಹತ್ತಿ ಇಳಿದೆ. ಗಾಡಿ ಎಲ್ಲೂ ನಿಲ್ಲಲಿಲ್ಲ.

ಸದ್ದು ಕೇಳಿ ಬಾಬುಮಿಯಾ ಓಡಿ ಬಂದರು. "ಯಾವ ಸಾಮಾನ ಹಾಕಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ನಮ್ಮ ಎಮ್ಮಿ ಕುಳ್ಳು. ನಿಮ್ಮ ಅಂಗಡಿಗೂ ನಾಕು ಕಳಿಸ್ಲೇನ್ರಿ?"

ಮರುದಿನ ರೇಸಿನಲ್ಲಿ ಎರಡನೆಯವನಾಗಿ ಬಂದೆ. ಆದರೆ ಆ ಗಾಡಿ ರಿಪೇರಿ ಮಾಡಿದ್ದು ಅವ್ವನೇ ಎಂದು ನಮ್ಮ ಓಣಿಯವರು ಇವತ್ತಿಗೂ ಹೇಳುತ್ತಾರೆ.