ತಪಾಸಣೆಗೆ ಮುಂಚಿನ ಸುಣ್ಣ

ಸಾಗರ ಪೇಟೆಯಲ್ಲಿ ನಾನು ಬಾಡಿಗೆಗೆ ಕೊಟ್ಟಿದ್ದ ಮನೆಯಲ್ಲಿ ಒಬ್ಬ ಹೆಂಗಸು ಇದ್ದರು. ಆಕೆ ಮಲಗುವ ಕೋಣೆಯ ಬೂಷ್ಟು ಹಿಡಿದ ಗೋಡೆಯ ಮೇಲೆ ಬೆರಳು ಎಳೆದು, ಕಪ್ಪಾದ ತುದಿಯನ್ನು ಎದುರಿದ್ದವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಒಂಚೂರು ಮೂಸಿ ನೋಡಿ" ಎನ್ನುವುದು ಅವರ ಮಾತು. ನನಗೂ ಹೇಳಿದ್ದರು, ಹಾಲಿನವನಿಗೂ ಹೇಳಿದ್ದರು. ಆ ಕೋಣೆಯಲ್ಲಿ ಮಲಗಿದರೆ ಅವರ ಮಗಳಿಗೆ ಉಬ್ಬಸ ಬರುತ್ತಿತ್ತು. ಆದರೆ ವೈದ್ಯರ ಚೀಟಿಯಲ್ಲಿ ಬೂಷ್ಟಿನ ಹೆಸರೇ ಇರುತ್ತಿರಲಿಲ್ಲ. ಅದನ್ನು ಕಾಯಿಲೆಯ ಕಾರಣವೆಂದು ಬರೆಯಬೇಕು, ಬೂಷ್ಟು ಹಿಡಿದ ಮನೆಯನ್ನು ಬಾಡಿಗೆಗೆ ಕೊಡದಂತೆ ಕಾನೂನು ಬರಬೇಕು ಎಂದು ಹೊಸನಗರ, ತೀರ್ಥಹಳ್ಳಿಯೆಲ್ಲ ಸುತ್ತಿ ಸಹಿ ಕೇಳಿದರು. ಕೊನೆಗೆ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಗೋಡೆ ನೋಡಲು ಬರುತ್ತೇನೆಂದರು.

ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ತಪಾಸಣೆ ಎಂದರೆ ಶಾಲೆಗೆ ಸುಣ್ಣ ಬಳಿಸಿಯೇ ರೂಢಿ. ಹಿಂದಿನ ದಿನ ಆಕೆ ಹೊರಗೆ ಹೋಗಿದ್ದಾಗ ಗೋಡೆ ಉಜ್ಜಿ, ನಾನೇ ಸುಣ್ಣ ಹೊಡೆದೆ. ಸಂಜೆ ವಾಪಸು ಬಂದ ಆಕೆ ಬಾಗಿಲಲ್ಲೇ ನಿಂತುಬಿಟ್ಟರು.

"ಎಂಥ ಮಾಡಿದ್ರಿ ಮೇಷ್ಟ್ರೇ?"

"ದೊಡ್ಡೋರು ಬರ್ತಾರಲ್ಲಮ್ಮಾ. ಮನೆ ಚೊಕ್ಕ ಕಾಣ್ಬೇಕು."

ಮರುದಿನ ಅಧಿಕಾರಿ ನಕ್ಕರು. "ಏನಮ್ಮಾ, ನಿಮ್ಮ ಗೋಡೆ ನನ್ನ ಅಂಗಿಗಿಂತ ಬೆಳ್ಳಗಿದೆ! ಯಾರು ಬಳಿಸಿದ್ದು?"

ಆಕೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ನಾನೇ ಸಾರ್. ಬಳೀಬಾರ್ದು ಅಂತ ಗೊತ್ತಾಗ್ಲಿಲ್ಲ" ಎಂದರು ಆಕೆ.

ಅಧಿಕಾರಿ ಬೂಷ್ಟು ಕಂಡುಬಂದಿಲ್ಲವೆಂದು ಬರೆದುಕೊಂಡರು. ನಾನು ಉಗುರಿನ ಸುಣ್ಣ ಕಾಣದಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದೆ.